ನಾಲ್ಕು ಸಲಕರಣೆ, ಒಂದು ಬಲಗಾಲು

"ಶನಿವಾರ ನೋಡ್ತಿರು ಗ್ಲೆಂಡಾ! ಸುಟ್ಟ ಹಂದಿ ಮೇಜಿನ ಮೇಲೆ ಬಂದು ಮಲಗಿ, ಅದರ ಗರಿಗರಿ ಚರ್ಮದ ಮೊದಲ ಚೂರು ಯಾರ ಬಾಯಿಗಾದ್ರೂ ಬೀಳೋದ್ರೊಳಗೆ ನನ್ನ ಸಿನಿಮಾ ಪರದೆ ಮೇಲೆ ಓಡ್ತಿರತ್ತೆ! ಓಡದಿದ್ರೆ ನನ್ನ ಹೆಸರು ತಿಯೊಡುಲೊ ಅಲ್ಲ!"

ಡುಲೋ ಹೀಗೆ ಘರ್ಜಿಸಿದ್ದು ಯಾವ ರಣರಂಗದಲ್ಲೂ ಅಲ್ಲ. ಇಲೊಯಿಲೊ ಊರಿನ ಹಾರೊ ಬಡಾವಣೆಯ ತನ್ನ ಅಡುಗೆಮನೆಯಲ್ಲಿ. ಕೇಳಿಸಿಕೊಂಡದ್ದು ಬಾಣಲೆಯಲ್ಲಿದ್ದ ಒಣಮೀನು ಮತ್ತು ಅದನ್ನು ಮಗುಚುತ್ತಿದ್ದ ಹೆಂಡತಿಯ ಬೆನ್ನು.

"ಹೆಸರು ಬದಲಾಯಿಸೋ ಅರ್ಜಿ ಈಗ್ಲೇ ತಂದಿಟ್ಕೋ ಲಾಂಗಾ," ಅಂದಳು ಗ್ಲೆಂಡಾ, ತಿರುಗದೆಯೇ.

ಲಾಂಗಾ ಅಂದರೆ ಮುದ್ದು. ನಮ್ಮೂರ ಮಾತೇ ಹಾಗೆ. ಬೈಗುಳವೂ ಜೋಗುಳದ ಧಾಟಿಯಲ್ಲಿ ಬರುತ್ತದೆ. ಏಟು ಬಿದ್ದಿದೆ ಎಂದು ತಿಳಿಯುವುದು ಮನೆಗೆ ಹೋಗಿ ಮಲಗಿದ ಮೇಲೆ.

ಡುಲೋನ ಕಸುಬು ಮದುವೆಯ ಸಿನಿಮಾ ಮಾಡುವುದು. ಆರು ತಿಂಗಳ ಮೇಲೆ ಡಬ್ಬಿಯಲ್ಲಿ ಹಾಕಿ ಕೊಡುವ ಸಿನಿಮಾ ಅಲ್ಲ. ನಮ್ಮ ಕಡೆ ಮಧ್ಯಾಹ್ನ ಚರ್ಚಿನಲ್ಲಿ ತೊಡಿಸಿದ ಉಂಗುರ, ಅದೇ ಸಂಜೆ ಊಟದ ಹಾಲ್‌ನಲ್ಲಿ ದೊಡ್ಡ ಪರದೆಯ ಮೇಲೆ ಹಾಡಿನ ಸಮೇತ ಹೊಳೆಯಬೇಕು. ಜನ ಒಂದು ಕಡೆ ಉಣ್ಣುತ್ತಿರುತ್ತಾರೆ, ಇನ್ನೊಂದು ಮೂಲೆಯಲ್ಲಿ ಒಬ್ಬ ಬಡಪಾಯಿ ಲ್ಯಾಪ್‌ಟಾಪಿನ ಮುಂದೆ ಬೆವರುತ್ತ ಅವರ ಮದುವೆಯನ್ನು ಕತ್ತರಿಸಿ ಅಂಟಿಸುತ್ತಿರುತ್ತಾನೆ. ಆ ಬಡಪಾಯಿಯೇ ನಮ್ಮ ಡುಲೋ.

ಹದಿನಾಲ್ಕು ವರ್ಷದ ಅನುಭವ ಅವನದು. ಹದಿನಾಲ್ಕು ವರ್ಷವೂ ತಡ! ಅವನ ಸಿನಿಮಾ ಶುರುವಾಗುವಷ್ಟರಲ್ಲಿ ನೆಂಟರು ಮೇಜಿನ ಹೂಕುಂಡಗಳನ್ನು ಕಂಕುಳಲ್ಲಿ ಇರುಕಿಕೊಂಡು ಬಾಗಿಲು ದಾಟಿರುತ್ತಿದ್ದರು. ಹೋದ ತಿಂಗಳ ಮದುವೆಯಲ್ಲಂತೂ ಸಿನಿಮಾ ನೋಡಿದವರು ಒಟ್ಟು ಮೂರು ಜನ: ಮದುಮಗ, ಮದುಮಗಳು, ಕುರ್ಚಿ ಮಡಚುವವನು.

ಆದರೆ ಈ ಶನಿವಾರದ ಮಾತೇ ಬೇರೆ. ಮದುಮಗಳು ಜೆಸೆಲ್, ಗ್ಲೆಂಡಾಳ ಅಕ್ಕನ ಮಗಳು. ಅವಳ ಅಪ್ಪ ಸಿರಿಲೊ ಸರಕು ಹಡಗಿನಲ್ಲಿ ಅಡುಗೆಯವರು. ಎಲ್ಲರ ಬಾಯಲ್ಲೂ ಅವರು ಮನೋಂಗ್ ಸಿರಿಲೊ, ಅಂದರೆ ದೊಡ್ಡಣ್ಣ. ಆ ಮನೋಂಗ್ ಸಿರಿಲೊ ಸೋಮವಾರ ಸಂಜೆ ಮನೆಗೆ ಬಂದು, ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದರು.

"ಡುಲೋ, ಹಡಗಿನವರು ಕರೆ ಕಳಿಸಿಬಿಟ್ರು. ಮದುವೆ ದಿನಾನೇ ಹೊರಡ್ಬೇಕು. ಏಳು ಗಂಟೆಗೆ ಏರ್‌ಪೋರ್ಟಿನ ಕಾರು ಹತ್ತಿದ್ರೆ ಸರಿ, ಇಲ್ಲಾಂದ್ರೆ ಕೆಲಸಾನೇ ಇಲ್ಲ."

"ಚಿಂತೆ ಯಾಕೆ ಮನೋಂಗ್? ಸಿನಿಮಾನ ಫೋನಿಗೆ ಕಳಿಸ್ತೀನಿ!"

"ಫೋನಲ್ಲಿ ನೋಡಿದ್ರೆ ಒಬ್ಬನೇ ನೋಡ್ದ ಹಾಗಾಯ್ತು. ಅವಳು ಮೊದಲ ಸಲ ನಡೆದಾಗ ನಾನು ನೀರಿನ ಮೇಲಿದ್ದೆ. ಸ್ಕೂಲಿಗೆ ಹೋದಾಗ್ಲೂ ನೀರಿನ ಮೇಲೆ. ಎಲ್ಲಾನೂ ಫೋಟೋದಲ್ಲಿ, ಒಬ್ಬನೇ. ಇದೊಂದನ್ನ ಮಗಳ ಪಕ್ಕ ಕೂತು ನೋಡ್ಬೇಕು ಅಂತ. ಆಗತ್ತಾ?"

ಡುಲೋ ಹಿಂದೆಮುಂದೆ ನೋಡಲಿಲ್ಲ. "ಆಗತ್ತೆ ಮನೋಂಗ್! ಆರೂಮುಕ್ಕಾಲಿಗೆ ಪರದೆ ಮೇಲೆ!" ಎಂದುಬಿಟ್ಟ.

ಆ ರಾತ್ರಿ ಅವನು ಗಂಭೀರ ವಿಚಾರಣೆ ನಡೆಸಿ ಒಂದು ತೀರ್ಪಿಗೆ ಬಂದ. ಹದಿನಾಲ್ಕು ವರ್ಷದ ತಡಕ್ಕೆ ಹೊಣೆ ಯಾರು? ಡುಲೋ ಅಲ್ಲ. ಮೌಸ್! ಮಣಿಕಟ್ಟು ನೋಯಿಸುವುದೂ ಅದೇ, ಬೆರಳು ಜೋಮು ಹಿಡಿಸುವುದೂ ಅದೇ, ಒಂದು ಕತ್ತರಿ ಹಾಕಲು ಹತ್ತು ಸಲ ಆ ಕಡೆ ಈ ಕಡೆ ಓಡಾಡಿಸುವುದೂ ಅದೇ. ಅಪರಾಧಿಯನ್ನು ಮರುದಿನವೇ ಪಕ್ಕದ ಓಣಿಯ ಇಂಟರ್ನೆಟ್ ಅಂಗಡಿಗೆ ಗಡೀಪಾರು ಮಾಡಿದ.

ಮೌಸ್ ಹೋಯಿತು. ಅದರ ಜಾಗಕ್ಕೆ ಯಾರು? ಇಲ್ಲಿ ಶುರುವಾಯಿತು ನೋಡಿ ಗೋಜಲು!

ಡುಲೋ ಫೋನಿನಲ್ಲಿ ಪಂಡಿತರ ಮೊರೆ ಹೊಕ್ಕ. ಗಡ್ಡ ಬಿಟ್ಟ ಪಂಡಿತನೊಬ್ಬ, "ಮಣಿಕಟ್ಟು ಅಲ್ಲಾಡಲೇಬಾರದು, ಗುಂಡು ಉರುಳಿಸುವ ಮೌಸ್ ತಗೊಳ್ಳಿ" ಎಂದ. ಗಡ್ಡ ಬೋಳಿಸಿದವನು, "ಗುಂಡು ಉರುಳಿಸಿದರೆ ಹೆಬ್ಬೆರಳು ಹೋಯಿತು, ನಿಂತ ಮೌಸ್ ತಗೊಳ್ಳಿ" ಎಂದ. ಅರ್ಧ ಗಡ್ಡದವನು, "ಮೌಸೇ ದಂಡ, ಎಡಗೈಗೆ ತಿರುಗುಚಕ್ರ ಕೊಡಿ" ಎಂದ. ಕೊನೆಯಲ್ಲಿ ಬಂದ ಹೆಂಗಸು ಎಲ್ಲರನ್ನೂ ಗುಡಿಸಿಹಾಕಿದಳು: "ಎರಡು ಕೈ ಮಾತ್ರ ದುಡಿದರೆ ಸಾಕೇ? ಕಾಲು ಸುಮ್ಮನೆ ಕೂತಿದೆಯಲ್ಲ! ಅದಕ್ಕೊಂದು ಪೆಡಲ್ ಕೊಡಿ!"

"ಗ್ಲೆಂಡಾ, ನಾಲ್ಕರಲ್ಲಿ ಯಾವುದು ತಗೊಳ್ಳಲಿ?"

"ಕೈ ನೋಯ್ತಿದ್ರೆ ಬಿಸಿನೀರಿಗೆ ಕಲ್ಲುಪ್ಪು ಹಾಕಿ ಅದ್ದಿಟ್ಕೋ."

"ನಾನು ಕೇಳಿದ್ದು ವಿಜ್ಞಾನ!"

"ನಾನು ಹೇಳಿದ್ದು ಉಪ್ಪು."

ಯಾವುದನ್ನು ಬಿಡುವುದು ಎಂದು ತಿಳಿಯದವನು ಏನು ಮಾಡುತ್ತಾನೆ? ನಾಲ್ಕನ್ನೂ ತರುತ್ತಾನೆ. ಡುಲೋ ನಾಲ್ಕನ್ನೂ ತಂದ. ನಿಂತ ಮೌಸನ್ನು ಯಾರದೋ ಕೈ ಕುಲುಕುವಂತೆ ಹಿಡಿಯಬೇಕು, ಮೊದಲ ದಿನ ಅವನು ಅಭ್ಯಾಸಬಲದಿಂದ "ಹೇಗಿದ್ದೀರಿ?" ಎಂದೂ ಕೇಳಿದ. ಗುಂಡಿನ ಮೌಸ್ ಕೂತಲ್ಲೇ ಕೂತಿರುತ್ತದೆ, ಅದರ ಹೊಟ್ಟೆಯಲ್ಲಿನ ಕೆಂಪು ಗುಂಡನ್ನು ಹೆಬ್ಬೆರಳಲ್ಲಿ ಉರುಳಿಸಬೇಕು. ತಿರುಗುಚಕ್ರವನ್ನು ಎಡಗೈಯಲ್ಲಿ ಬಲಕ್ಕೆ ತಿರುಗಿಸಿದರೆ ದೃಶ್ಯ ಮುಂದಕ್ಕೆ, ಎಡಕ್ಕೆ ತಿರುಗಿಸಿದರೆ ಹಿಂದಕ್ಕೆ. ಇನ್ನು ಪೆಡಲ್. ಅದಕ್ಕೆ ಡುಲೋ ಎಲ್ಲಕ್ಕಿಂತ ದೊಡ್ಡ ಅಧಿಕಾರ ಕೊಟ್ಟ. ಒಂದು ಸಲ ತುಳಿದರೆ, ಆ ದೃಶ್ಯದಲ್ಲಿ ಅಲ್ಲಿಯವರೆಗೆ ನೋಡಿದ ಭಾಗವೆಲ್ಲ ಕತ್ತರಿಸಿ ಕಸಕ್ಕೆ. ಉಳಿದದ್ದು ಮಾತ್ರ ಸಿನಿಮಾಕ್ಕೆ!

"ಎಲ್ಲರೂ ದೃಶ್ಯದ ಶುರುವಿನಲ್ಲೇ ತಾನೆ ಅಲ್ಲಾಡೋದು? ಒಂದು ತುಳಿತ, ಆ ಅಲ್ಲಾಟ ಮಾಯ! ಒಂದು ತುಳಿತ, ಇನ್ನೊಂದು ಮಾಯ!" ಎಂದು ಕೂತಲ್ಲೇ ಕುಣಿದ.

ನಾಲ್ಕು ದಿನ ಅಭ್ಯಾಸ ನಡೆಯಿತು. ಬಲಗೈ ಎರಡು ಮೌಸುಗಳ ನಡುವೆ ಇಬ್ಬರು ಹೆಂಡಿರ ಗಂಡನಾಯಿತು. ಎಡಗೈಗೆ ಹುಚ್ಚು ಹಿಡಿಯಿತು. ಗುರುವಾರ ಊಟದ ಹೊತ್ತಿಗೆ ಅವನು ಸೂಪಿನ ಬಟ್ಟಲನ್ನು ಎಡಕ್ಕೆ ತಿರುಗಿಸುತ್ತಲೇ ಇದ್ದ.

"ಏನ್ ಮಾಡ್ತಿದೀಯ ಲಾಂಗಾ?"

"ಉಪ್ಪು ಜಾಸ್ತಿ ಆಗಿದೆ. ಹಾಕೋಕ್ಕಿಂತ ಮುಂಚೆಗೆ ಹೋಗೋಣ ಅಂತ."

ಗ್ಲೆಂಡಾ ಬಟ್ಟಲನ್ನು ಕಿತ್ತುಕೊಂಡು ಒಳಗಿಟ್ಟಳು.

ಶನಿವಾರ ಬಂತು. ಎರಡು ಗಂಟೆಗೆ ಚರ್ಚಿನಲ್ಲಿ ಮದುವೆ. ಡುಲೋ ಒಂದು ಕ್ಯಾಮೆರಾ, ಗ್ಲೆಂಡಾ ಇನ್ನೊಂದು ಕ್ಯಾಮೆರಾ. ನಾಲ್ಕೂವರೆಗೆ ಊಟದ ಹಾಲ್. ಪರದೆಯ ಪಕ್ಕದ ಮೂಲೆಯಲ್ಲಿ ಡುಲೋಗೊಂದು ಮೇಜು, ಅದರ ಮೇಲೆ ನೆಲ ಮುಟ್ಟುವ ಬಿಳಿ ಬಟ್ಟೆ. ಅವನು ನಾಲ್ಕು ಸಲಕರಣೆಗಳನ್ನು ಪೂಜೆಗಿಟ್ಟಂತೆ ಇಟ್ಟ. ಪೆಡಲನ್ನು ಮೇಜಿನ ಕೆಳಗಿಟ್ಟು, ಬಟ್ಟೆ ಇಳಿಬಿಟ್ಟ. ಹಾಡನ್ನು ಮೊದಲೇ ಜೋಡಿಸಿಟ್ಟಿದ್ದ. ತೊಂಬತ್ತೆರಡು ದೃಶ್ಯ ಸಾಲಾಗಿ ನಿಂತವು. ಒಟ್ಟು ಒಂದು ಗಂಟೆ ಹತ್ತು ನಿಮಿಷ. ಅದನ್ನು ನಾಲ್ಕು ನಿಮಿಷಕ್ಕೆ ಇಳಿಸಬೇಕು. ಎರಡು ಗಂಟೆ ಸಮಯ. ಬೆರಳು ನೆಟಿಕೆ ಮುರಿದ. ಬಲಗಾಲಿನ ಶೂ ಬಿಚ್ಚಿದ.

ಆಗ ಬಂದರು ನಿನಾಂಗ್ ಎಸ್ತಿಂಗ್!

ನಿನಾಂಗ್ ಅಂದರೆ ಮದುವೆಗೆ ಸಾಕ್ಷಿ ನಿಲ್ಲುವ ಧರ್ಮತಾಯಿ. ಜೆಸೆಲ್ ಮದುವೆಗೆ ಹನ್ನೆರಡು ಜನ ಧರ್ಮ ತಾಯಿತಂದೆಯರಿದ್ದರು, ಅವರಲ್ಲಿ ಎಸ್ತಿಂಗ್ ಒಬ್ಬರೇ ಉಳಿದ ಹನ್ನೊಂದು ಜನರಷ್ಟಿದ್ದರು. ಬೇಕರಿ ನಡೆಸುವ ಘನ ಜೀವ.

"ಇಲ್ಲಿ ಕೂತ್ಕೊಳ್ಲಾ ಮಗನೇ? ಅಲ್ಲಿ ಎಸಿ ನೆಟ್ಟಗೆ ನನ್ನ ನೆತ್ತಿಗೇ ಊದ್ತಾ ಇದೆ."

"ನಿನಾಂಗ್, ಇದು ಕೆಲಸದ ಮೇಜು..."

"ಕೆಲಸ ಮಾಡು, ನಾನೇನು ಬೇಡ ಅಂದ್ನಾ?" ಎಂದು ಎದುರು ಕುರ್ಚಿ ಎಳೆದು ಕೂತರು. ಧರ್ಮತಾಯಿಯನ್ನು ಎಬ್ಬಿಸುವ ಗಂಡಸು ನಮ್ಮ ದ್ವೀಪದಲ್ಲಿ ಇನ್ನೂ ಹುಟ್ಟಿಲ್ಲ.

ಇನ್ನು ಮೇಜಿನ ಕೆಳಗೆ ನಡೆದದ್ದನ್ನು ನಿಮಗೆ ಹೇಳುತ್ತೇನೆ. ಡುಲೋಗೆ ಯಾರೂ ಹೇಳಲಿಲ್ಲ ಎಂಬುದು ನೆನಪಿರಲಿ. ಹಾಲ್‌ನ ನೆಲ ಕನ್ನಡಿಯಂತೆ ನುಣುಪು. ಡುಲೋ ಉತ್ಸಾಹದಿಂದ ಮೊದಲ ಸಲ ತುಳಿದ ರಭಸಕ್ಕೇ ಪೆಡಲ್ ಸುಯ್ಯನೆ ಜಾರಿ ಮೇಜಿನ ಆಚೆ ತುದಿ ಸೇರಿತು. ಅಲ್ಲಿ ನಿನಾಂಗ್ ಚರ್ಚಿನಲ್ಲಿ ಎರಡು ಗಂಟೆ ಕಾಲ ಎತ್ತರದ ಹಿಮ್ಮಡಿಯ ಮೇಲೆ ನಿಂತು ಊದಿಕೊಂಡ ಕಾಲುಗಳನ್ನು ಚಪ್ಪಲಿಯಿಂದ ಬಿಡಿಸಿ, ಎಲ್ಲಿಡಲಿ ಎಂದು ತಡವುತ್ತಿದ್ದರು. ಬಲಪಾದಕ್ಕೆ ಮೆತ್ತಗೆ ಏನೋ ಸಿಕ್ಕಿತು. ಇಟ್ಟರು. ಹಾ! ಎಂದರು. ಇತ್ತ ಡುಲೋನ ಕಾಲಿಗೂ ಒಂದು ಗಟ್ಟಿ ಪೆಟ್ಟಿಗೆ ಸಿಕ್ಕಿತು. ಅದು ಲ್ಯಾಪ್‌ಟಾಪಿನ ಚಾರ್ಜರ್.

"ಬೆಚ್ಚಗಿದೆ! ಹೊಸ ಮಾಲು ಅಂದ್ರೆ ಹೀಗಿರ್ಬೇಕು!" ಎಂದು ಸಂತೋಷಪಟ್ಟ.

ಬ್ಯಾಂಡಿನವರು ಮೊದಲ ಹಾಡು ಎತ್ತಿಕೊಂಡರು. ನಿನಾಂಗ್ ಅವರಿಗೆ ಹಾಡು ಕೇಳಿದರೆ ಕಾಲು ನಿಲ್ಲದು. ಬಲಪಾದ ತಾಳ ಹಾಕತೊಡಗಿತು. ಟಪ್. ಟಪ್. ಟಪ್.

ಡುಲೋ ಚಕ್ರ ತಿರುಗಿಸಿದ. ಜೆಸೆಲ್ ಬಿಳಿ ಉಡುಪಿನಲ್ಲಿ ಚರ್ಚಿನ ಬಾಗಿಲಲ್ಲಿ ಕಾಣಿಸಿದಳು. ಇನ್ನೇನು ಮುಖ ಎತ್ತಬೇಕು, ಮಾಯ! ಡುಲೋ ಕಣ್ಣುಜ್ಜಿಕೊಂಡ. ತುಳಿದೇ ಇಲ್ಲವಲ್ಲ? ಈಗ ಬೇಕೆಂದೇ ಚಾರ್ಜರನ್ನು ತುಳಿದ. ಏನೂ ಆಗಲಿಲ್ಲ. ಕಾಲೆತ್ತಿ ಸುಮ್ಮನೆ ಕೂತ. ಮದುಮಗ ಮಾಯ!

ತುಳಿದರೆ ಕತ್ತರಿಸದು, ತುಳಿಯದಿದ್ದರೆ ಕತ್ತರಿಸುತ್ತದೆ! ಇದೇನು ಮಾಟವೋ? ಅವನ ತಲೆಯಲ್ಲಿ ಮಿಂಚು ಹೊಡೆಯಿತು. "ತಿಳೀತು! ಕಾಲಿನ ಮಾತು ಲ್ಯಾಪ್‌ಟಾಪಿಗೆ ತಡವಾಗಿ ಮುಟ್ತಿದೆ! ಹಡಗಿಗೆ ಫೋನ್ ಮಾಡ್ದ ಹಾಗೆ, ಈಗ ಹೇಳಿದ್ದು ಆಮೇಲೆ ಕೇಳ್ಸತ್ತೆ!" ಅಂದಮೇಲೆ ಪರಿಹಾರ ಸುಲಭ. ಆಮೇಲೆ ಕತ್ತರಿಸಬೇಕಾದ್ದಕ್ಕೆ ಈಗಲೇ ತುಳಿಯಬೇಕು! ಹತ್ತು ಸೆಕೆಂಡು ಮುಂಗಡವಾಗಿ ತುಳಿಯತೊಡಗಿದ. ಪಾದ್ರಿ ಬಾಯಿ ತೆರೆಯುವ ಮುನ್ನವೇ ತುಳಿದು, ಆಶೀರ್ವಾದ ಮುಗಿಯಲೆಂದು ಕಾದ. ಆಶೀರ್ವಾದ ಅರ್ಧಕ್ಕೇ ಹಾರಿಹೋಯಿತು. ಲೆಕ್ಕ ಐದು ಸೆಕೆಂಡಿಗೆ ಇಳಿಸಿದ. ಹದಿನೈದಕ್ಕೆ ಏರಿಸಿದ. ಮದುಮಗ ಸಂಬಂಧವಿಲ್ಲದವರ ಹಾಗೆ ಬಂದು ಹೋಗುತ್ತಿದ್ದ.

ಹಾಳಾದದ್ದನ್ನು ಕೀಬೋರ್ಡಿನಿಂದ ವಾಪಸ್ ತರೋಣವೆಂದರೆ, ಅವನು ಐದು ಹೆಜ್ಜೆ ಹಿಂದಕ್ಕೆ ಹೋದರೆ ಮೇಜಿನ ಕೆಳಗಿನ ತಾಳ ಎಂಟು ಹೆಜ್ಜೆ ಮುಂದಕ್ಕೆ ಹೋಗುತ್ತಿತ್ತು. ನಡುನಡುವೆ ನೆಂಟರು ಗ್ಲಾಸಿಗೆ ಚಮಚ ಬಡಿದು ಮದುಮಕ್ಕಳಿಂದ ಮುತ್ತು ಕೊಡಿಸುತ್ತಿದ್ದರು. ಆ ಸಡಗರಕ್ಕೆ ತಾಳ ಇಮ್ಮಡಿ. ಒಂದೇ ಗುಟುಕಿಗೆ ಹೂಗುಚ್ಛ, ಉಂಗುರ, ಮೇಣದಬತ್ತಿ ಮೂರೂ ಸ್ವಾಹಾ ಆದವು.

"ಮಗನೇ, ಮೈ ಹುಷಾರಿಲ್ವಾ?" ಕೇಳಿದರು ನಿನಾಂಗ್. "ಒಬ್ನೇ ಗೊಣಗ್ತಿದೀಯ."

"ಪೆಡಲ್... ತಡವಾಗಿ... ಮುಂಗಡವಾಗಿ..."

"ಹೊಟ್ಟೆ ಖಾಲಿ ಇದೆ ನಿಂಗೆ. ತಗೋ, ನೂಡಲ್ಸ್ ತಿನ್ನು." ತಟ್ಟೆಯನ್ನು ಸರಿಸಿ ಗುಂಡಿನ ಮೌಸಿನ ಮೇಲೇ ಇಟ್ಟರು. ತೆಗೆಯಹೋದ ಡುಲೋ ಗೊಂದಲದಲ್ಲಿ ತಟ್ಟೆಯನ್ನೇ ಹೆಬ್ಬೆರಳಲ್ಲಿ ಉರುಳಿಸಲು ನೋಡಿದ. ನಿಂತ ಮೌಸನ್ನು ಹಿಡಿಯಹೋದರೆ, ಹಾದುಹೋಗುತ್ತಿದ್ದ ನೆಂಟರೊಬ್ಬರು ನಡುವೆ ಕೈ ತೂರಿಸಿ ಕುಲುಕಿ, "ಕಷ್ಟಪಡ್ತಿದೀಯ, ಪಾಪ" ಎಂದು ಹೋದರು.

ಆರೂಕಾಲಿಗೆ ಗ್ಲೆಂಡಾ ಬಂದಳು. "ಲಾಂಗಾ, ಎಲ್ಲಿಗೆ ಬಂತು?"

"ಬರ್ತಾ ಇದೆ."

ಆರೂವರೆಗೆ ಮತ್ತೆ ಬಂದಳು. "ಡುಲೋ, ಎಲ್ಲಿಗೆ ಬಂತು?"

"ಹೋಗ್ತಾ ಇದೆ."

ಆರು ನಲವತ್ತಕ್ಕೆ ಅವಳ ದನಿ ಜೇನಿನಂತಾಯಿತು. "ತಿಯೊಡುಲೊ." ಪೂರ್ತಿ ಹೆಸರು! "ಮನೋಂಗ್ ಅಲ್ಲಿ ನೋಡು. ಪರದೆ ಮುಂದೆ ಮಗಳ ಕೈ ಹಿಡ್ಕೊಂಡು ಕೂತಿದಾರೆ. ಕಾರು ಹೊರಗೆ ನಿಂತಿದೆ. ಸೂಟ್‌ಕೇಸ್ ಕಾರೊಳಗಿದೆ."

ಡುಲೋ ನೋಡಿದ. ಮನೋಂಗ್ ಸಿರಿಲೊ ಒಂದು ಕಣ್ಣು ಖಾಲಿ ಪರದೆಯ ಮೇಲೆ, ಒಂದು ಕಣ್ಣು ಗಡಿಯಾರದ ಮೇಲೆ ಇಟ್ಟಿದ್ದರು. ಹಂದಿಯ ಚರ್ಮ ಖಾಲಿಯಾಗಿ ಮುಕ್ಕಾಲು ಗಂಟೆ ಆಗಿತ್ತು.

ಡುಲೋ ಲ್ಯಾಪ್‌ಟಾಪ್ ನೋಡಿದ. ಒಂದು ಗಂಟೆ ಹತ್ತು ನಿಮಿಷ ಇದ್ದದ್ದು ಈಗ ನಾಲ್ಕು ನಿಮಿಷ ಹನ್ನೊಂದು ಸೆಕೆಂಡು! ಅಳತೆಯೇನೋ ಸರಿ. ಒಳಗೆ ಏನು ಉಳಿದಿದೆ? ದೇವರಿಗೇ ಗೊತ್ತು. ಮುಖ್ಯವಾದದ್ದೆಲ್ಲ ಕಸಕ್ಕೆ ಹೋಗಿತ್ತು. ಪ್ರತಿ ದೃಶ್ಯದ ಬಾಲ ಮಾತ್ರ ಮಿಕ್ಕಿತ್ತು. ಆ ಬಾಲಗಳಾದರೂ ಎಲ್ಲಿಂದ ಬಂದವು ಅಂದರೆ, ಗ್ಲೆಂಡಾ ಕ್ಯಾಮೆರಾ ಬಂದ್ ಮಾಡುವುದರಲ್ಲಿ ಯಾವಾಗಲೂ ನಿಧಾನ. ಎಲ್ಲ ಮುಗಿದು ಜನ ಉಸಿರು ಬಿಟ್ಟ ಮೇಲೂ ಅದು ಓಡುತ್ತಲೇ ಇರುತ್ತಿತ್ತು.

"ಗ್ಲೆಂಡಾ, ಇದರಲ್ಲಿ ಮದುವೆ ಇಲ್ಲ," ಎಂದ ಪಿಸುದನಿಯಲ್ಲಿ.

"ಮತ್ತೇನಿದೆ?"

"ಮದುವೆ ಆದ್ಮೇಲಿನದು ಇದೆ."

"ಅದನ್ನೇ ಹಾಕು," ಎಂದು ಅವಳೇ ಬಗ್ಗಿ ಕೀಬೋರ್ಡ್ ಒತ್ತಿದಳು.

ದೀಪಗಳು ಆರಿದವು. ಹಾಡು ಶುರುವಾಯಿತು. ಡುಲೋ ಕಣ್ಣು ಮುಚ್ಚಿಕೊಂಡ.

ಪರದೆಯ ಮೇಲೆ ಪಾದ್ರಿ. ಆಶೀರ್ವಾದ ಇಲ್ಲ, ಆಶೀರ್ವಾದ ಮುಗಿಸಿ ತೋಳು ಸರಿಸಿ ವಾಚ್ ನೋಡಿಕೊಳ್ಳುತ್ತಿರುವ ಪಾದ್ರಿ! ಹಾಲ್‌ನಲ್ಲಿ ಯಾರೋ ಕಿಸಕ್ಕೆಂದರು. ಮದುಮಗನ ಮುತ್ತು ಇಲ್ಲ. ಮುತ್ತಾದ ಮೇಲೆ ತುಟಿಯ ಬಣ್ಣವನ್ನು ಅಂಗೈಯಲ್ಲಿ ಒರೆಸಿ, ಎಷ್ಟು ಬಂತು ಎಂದು ಪರೀಕ್ಷಿಸುತ್ತಿದ್ದ. ಪಾರಿವಾಳಗಳು ಹಾರಿದ್ದು ಇಲ್ಲ; ಹಾರಲು ಒಪ್ಪದ ಒಂದು ಪಾರಿವಾಳ ಪಂಜರದ ಮೇಲೆ ಕೂತಿತ್ತು, ಅದನ್ನು ಮದುಮಗನ ಅಜ್ಜಿ ಬೀಸಣಿಗೆಯಲ್ಲಿ ಅಟ್ಟುತ್ತಿದ್ದರು. ನಿನಾಂಗ್ ಎಸ್ತಿಂಗ್ ಸಹಿ ಹಾಕಿದ ಘನಗಂಭೀರ ಗಳಿಗೆ ಇಲ್ಲ, ಪೆನ್ನು ಕೆಳಗಿಟ್ಟು ಪಕ್ಕದವರಿಗೆ ಅವರು ಏನೋ ಕೇಳಿದರು, ಅದು "ಊಟ ಎಷ್ಟು ಗಂಟೆಗೆ?" ಎಂದು ಇಡೀ ಹಾಲ್‌ಗೆ ಬಾಯಿ ನೋಡಿಯೇ ತಿಳಿಯಿತು. ಜನ ಮೇಜು ಬಡಿದು ನಕ್ಕರು. ನಿನಾಂಗ್ ಎಲ್ಲರಿಗಿಂತ ಜೋರಾಗಿ ನಕ್ಕರು.

ಡುಲೋ ಒಂದು ಕಣ್ಣು ತೆರೆದ.

ಆಗ ಪರದೆಯ ಮೇಲೆ ಮನೋಂಗ್ ಸಿರಿಲೊ ಬಂದರು. ಚರ್ಚಿನಲ್ಲಿ ಮಗಳನ್ನು ಮದುಮಗನ ಕೈಗೆ ಒಪ್ಪಿಸುವಾಗ ಅವರು ಹಡಗಿನ ಕಂಬದಂತೆ ನಿಂತಿದ್ದರು. ಅದನ್ನು ಎಲ್ಲರೂ ನೋಡಿದ್ದರು, ಎಂಥ ಕಲ್ಲು ಮನಸ್ಸು ಎಂದೂ ಅಂದುಕೊಂಡಿದ್ದರು. ಪರದೆಯ ಮೇಲೆ ಇದ್ದದ್ದು ಅದರ ನಂತರದ್ದು. ಎಲ್ಲರ ಕಣ್ಣು ಮದುಮಕ್ಕಳ ಕಡೆ ತಿರುಗಿದ ಮೇಲೆ ಅವರು ಮೆಲ್ಲಗೆ ಮಗಳ ಹಿಂದೆ ಬಗ್ಗಿ, ನೆಲದ ಮೇಲೆ ಹರಡಿದ್ದ ಅವಳ ಉಡುಪಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದರು. ಅದರಲ್ಲೊಂದು ಎಲೆ ಸಿಕ್ಕಿಕೊಂಡಿತ್ತು. ಬಿಡಿಸಿದರು. ಎಲೆಯನ್ನು ಜೇಬಿಗೆ ಹಾಕಿಕೊಂಡರು. ಕಂಬದ ಹಿಂದೆ ಸರಿದು ಅಂಗಿಯ ತೋಳಲ್ಲಿ ಎರಡೂ ಕಣ್ಣು ಒತ್ತಿ, ಯಾರಾದರೂ ನೋಡಿದರಾ ಎಂದು ಆಚೀಚೆ ನೋಡಿದರು.

ಈಗ ಇನ್ನೂರು ಜನ ನೋಡುತ್ತಿದ್ದರು. ಯಾರೂ ನಗಲಿಲ್ಲ. ಜೆಸೆಲ್ ತಿರುಗಿ ಅಪ್ಪನ ಜೇಬಿಗೆ ಕೈ ಹಾಕಿದಳು. ಎಲೆ ಅಲ್ಲೇ ಇತ್ತು.

"ಅಪ್ಪಾ," ಅಂದಳು.

ಸಿನಿಮಾ ಮುಗಿಯಿತು. ಮನೋಂಗ್ ಮೂಗು ಸೀಟಿಕೊಂಡು, "ಡುಲೋ, ಇನ್ನೊಂದ್ಸಲ ಹಾಕು," ಎಂದರು. ಹೊರಗೆ ಕಾರಿನವನು ಹಾರ್ನ್ ಹೊಡೆದ. "ಹೊಡೀಲಿ ಬಿಡು, ಹಾಕು!" ಎಂದು ಹಾಲ್‌ಗೆ ಹಾಲೇ ಕೂಗಿತು. ಎರಡನೆಯ ಸಲವೂ ಮನೋಂಗ್ ಮಗಳ ಕೈ ಬಿಡದೆ ನೋಡಿದರು. ಏಳಕ್ಕೆ ಎರಡು ನಿಮಿಷ ಇದ್ದಾಗ ಎದ್ದು ಬಂದು ಡುಲೋನನ್ನು ತಬ್ಬಿಕೊಂಡರು.

"ನಿನ್ನ ಬೇರೆ ಸಿನಿಮಾಗಳಲ್ಲಿ ಎಲ್ರೂ ಗೊಂಬೆಗಳ ಹಾಗಿರ್ತಿದ್ರು. ಇದ್ರಲ್ಲಿ ನಮ್ಮೋರೆಲ್ಲ ನಮ್ಮೋರ ಹಾಗೇ ಇದಾರೆ. ಹೇಗೆ ಮಾಡ್ದೆ ಡುಲೋ?"

ಡುಲೋಗೆ ಅಷ್ಟು ಸಾಕಾಯಿತು! ಎರಡು ಗಂಟೆಯ ಗೋಜಲು ಎಲ್ಲ ಬೆಣ್ಣೆಯಂತೆ ಕರಗಿ ಎದೆ ಮುಂದೆ ಬಂತು. "ಎಲ್ಲಾ ಸಲಕರಣೆಗಳ ಆಯ್ಕೆ ಮನೋಂಗ್! ಅದ್ರಲ್ಲೂ ಪೆಡಲ್! ಎಲ್ಲಿ ತುಳೀಬೇಕು, ಎಲ್ಲಿ ಬಿಡ್ಬೇಕು ಅನ್ನೋದು ಹದಿನಾಲ್ಕು ವರ್ಷದ ಕಾಲು ಮಾತ್ರ ಬಲ್ಲದು..."

"ನನ್ನ ಚಪ್ಪಲಿ ಎಲ್ಲಿ ಹೋಯ್ತು?" ಎಂದು ನಿನಾಂಗ್ ಮೇಜಿನ ಕೆಳಗೆ ಬಗ್ಗಿದರು. ಎದ್ದಾಗ ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದು ಕೈಯಲ್ಲಿ ಪೆಡಲ್. "ಈ ಮಣೆ ಯಾರು ಇಟ್ಟಿದ್ದು? ಪುಣ್ಯ ಬರ್ಲಿ ಅವರಿಗೆ! ಸಂಜೆಯಿಡೀ ತಾಳ ಹಾಕ್ತಾ ಇದ್ದೆ, ಕಾಲುನೋವೇ ಗೊತ್ತಾಗ್ಲಿಲ್ಲ!"

ಗ್ಲೆಂಡಾ ಪೆಡಲ್ ನೋಡಿದಳು. ಅದರ ತಂತಿ ಹಿಡಿದು ಕಣ್ಣಲ್ಲೇ ನಡೆದು ಲ್ಯಾಪ್‌ಟಾಪಿಗೆ ಬಂದಳು. ಮೇಜಿನ ಬಟ್ಟೆ ಎತ್ತಿ, ಚಾರ್ಜರಿನ ಮೇಲೆ ಊರಿದ್ದ ಗಂಡನ ಪಾದ ನೋಡಿದಳು. ಬಟ್ಟೆ ಇಳಿಬಿಟ್ಟಳು. ಮನೋಂಗ್ ಸಿರಿಲೊ ಅವರ ಕಾರು ಹೊರಟ ಸದ್ದು ಕೇಳುವವರೆಗೂ ಕಾದಳು. ಆಮೇಲೆ ಊರಲ್ಲೇ ಸಿಹಿಯಾದ ದನಿಯಲ್ಲಿ ಕೇಳಿದಳು:

"ನಿನಾಂಗ್, ಮುಂದಿನ ಶನಿವಾರ ಬಿಡುವಿದೆಯಾ? ಇನ್ನೊಂದು ಮದುವೆ ಒಪ್ಕೊಂಡಿದೀವಿ."

"ಬರ್ತೀನಮ್ಮ, ಅದಕ್ಕೇನು," ಎಂದರು ನಿನಾಂಗ್, ಚಪ್ಪಲಿಗೆ ಕಾಲು ತೂರಿಸುತ್ತ. "ಆದ್ರೆ ಎದುರುಗಡೆ ಈ ಗೊಣಗೋ ಗಂಡಸನ್ನ ಕೂರಿಸ್ಬೇಡ. ತಾಳ ತಪ್ಪಿಸ್ತಾನೆ."